ಒಂದು ಪೆಟ್ಟು ಹೆಚ್ಚು

ವೆಸ್ಟ್ ಜೆಫರ್ಸನ್ನಿನ ಕ್ಲಿನಿಕ್ಕಿಗೆ ವಾರಕ್ಕೆರಡು ಸಲ
ವರ್ಲಿನಜ್ಜ ಬರುತ್ತಾನೆ, ಎಂಬತ್ತಾರು ದಾಟಿದವನು,
ಎಡಗೈ ಕಿರುಬೆರಳು ಮಡಚುತ್ತಿಲ್ಲವೆಂದು.
ಬಿಸಿ ಮೇಣದಲ್ಲಿ ಕೈ ಅದ್ದಿಸಿ ಎಣಿಸುತ್ತೇನೆ,
ಕನ್ನಡದಲ್ಲೇ, ಅವನಿಗದು ಇಷ್ಟ:
ಒಂದು, ಎರಡು, ಮೂರು, ನಾಲ್ಕು.
ಬಿಡು ಅಂದರೆ ಬಿಡುವುದಿಲ್ಲ.
ಇನ್ನೊಂದು ಬಾಕಿಯಿದೆ ಡಾಕ್ಟರಮ್ಮ, ಅನ್ನುತ್ತಾನೆ.
ನಾನು ಡಾಕ್ಟರಲ್ಲ. ಹೇಳಿ ಹೇಳಿ ಸೋತಿದ್ದೇನೆ.

ಅವನದೊಂದು ಹೆಸರಿಲ್ಲದ ಮಟ್ಟು.
ಸೋದರತ್ತೆ ಡೋಸಿಯಾಳಿಂದ ಬಂದದ್ದು,
ಅವಳಿಗೆ ಗುಡ್ಡದಾಚೆ ಯಾರಿಂದಲೋ.
ನಾಲ್ಕು ಪೆಟ್ಟು ನೆಟ್ಟಗೆ ನಡೆದು ಐದನೆಯದಕ್ಕೆ
ಹೊಸಿಲ ಮೇಲೆ ಏನೋ ಮರೆತವರ ಹಾಗೆ
ತುಸು ತಡೆದು, ಮತ್ತೆ ಒಳಗೆ.
ಅತ್ತೆ ಕುಂಟುತ್ತಿದ್ದಳೇ? ಕೇಳಿದೆ.
ಇಲ್ಲ, ಜಗಲಿಯಿಂದಾಚೆ ಹೊಗೆಸೊಪ್ಪು ಉಗಿಯುತ್ತಿದ್ದಳು, ಅಂದ.

ಪಿಟೀಲಿನ ಹೊಟ್ಟೆಯಲ್ಲಿ ಒಂದು ಹಾವಿನ ಬಾಲದ ಗಿಲಕಿ.
ತೇವ ತಡೆಯುತ್ತದಂತೆ, ಇಲಿಯನ್ನೂ.
ಯಂತ್ರ ಹೊತ್ತು ಬಂದ ವಿಶ್ವವಿದ್ಯಾಲಯದವನು
ಮಟ್ಟಿನ ಹೆಸರು ಕೇಳಿ ಕೇಳಿ, ಕೊನೆಗೆ
'ತಿಳಿಯದು' ಎಂದು ಬರೆದುಕೊಂಡು ಹೋದ.
ಹೋದ ವರ್ಷ ಪೇಟೆಯ ಬ್ಯಾಂಡಿನವರು ಅದನ್ನೇ ನುಡಿಸಿದರು,
ಐದನೆಯದನ್ನು ಕತ್ತರಿಸಿ, ಇಸ್ತ್ರಿ ಹಾಕಿ.
ಚೆನ್ನಾಗಿತ್ತು ಅಂದ ಅಜ್ಜ.
ಆಮೇಲೆ ಹದಿನೈದು ದಿನ ಪೆಟ್ಟಿಗೆ ತೆರೆಯಲಿಲ್ಲ.

ನಿನ್ನೆ ಅಗ್ನಿಶಾಮಕ ಠಾಣೆಯಲ್ಲಿ ಸನ್ಮಾನ.
ಕೆಂಪು ಗಾಡಿಗಳನ್ನು ಮಂಜಿನಲ್ಲಿ ಹೊರಗೆ ನಿಲ್ಲಿಸಿ
ಒಳಗೆ ಮಡಚುವ ಕುರ್ಚಿ, ಹುರಿದ ಮೀನು,
ಹೆಸರಲ್ಲಿ ಒಂದಕ್ಷರ ತಪ್ಪಿದ ಫಲಕ.
ನಮ್ಮಲ್ಲಾದರೆ ಶಾಲು, ಏಲಕ್ಕಿ ಹಾರ,
ಅಭಿನಂದನಾ ಭಾಷಣಗಳಿಗೆ ಮೂರು ಗಂಟೆ.
ಇಲ್ಲಿ ಕೌಂಟಿಯ ಅಧ್ಯಕ್ಷೆ ಎರಡೇ ಮಾತಾಡಿ
ಮೂಗೊರೆಸಿಕೊಂಡು ಕೂತಳು.
ಅಜ್ಜ ಫಲಕವನ್ನು ಮೀನಿನ ತಟ್ಟೆಗೆ ಮುಚ್ಚಿ
ಮರೀಸೋಲಳನ್ನು ಕರೆದ.

ಹನ್ನೊಂದರ ಹುಡುಗಿ.
ಅಪ್ಪ ಕ್ರಿಸ್‌ಮಸ್ ಮರದ ತೋಟದಲ್ಲಿ ಕಡಿಯುವವನು,
ಅವಳ ಬೆರಳಲ್ಲೂ ಆ ಅಂಟು, ಆ ಹಸಿರು ವಾಸನೆ.
ಪಿಟೀಲನ್ನು ಗಲ್ಲಕ್ಕಲ್ಲ, ಎದೆಗೆ ಆನಿಸಿದಳು,
ಅವನಂತೆಯೇ.
ಒಳಗೆ ಗಿಲಕಿ ಒಮ್ಮೆ ಕದಲಿತು.

ಠಾಣೆಗೆ ಠಾಣೆಯೇ ಹಿಮ್ಮಡಿ ಕುಟ್ಟಿತು.
ಅಜ್ಜನ ಮಡಚದ ಬೆರಳು ಮೊಣಕಾಲ ಮೇಲೆ
ತಾನಾಗಿ ಕುಣಿಯುತ್ತಿತ್ತು, ನನ್ನ ಚಿಕಿತ್ಸೆಗೆ ನಾಚಿಕೆಯಾಗುವಷ್ಟು.
ಒಂದು, ಎರಡು, ಮೂರು, ನಾಲ್ಕು,
ನೆಲ ಮುಟ್ಟಲು ಹೊರಟ ನನ್ನ ಕಾಲು
ಗಾಳಿಯಲ್ಲೇ ನಿಂತಿತು.

ತುಸು ತಾಳಿ.
ಡೋಸಿಯಾ ಉಗಿಯುತ್ತಿದ್ದಾಳೆ.