ಐದು ಪಟ್ಟು

ಗುಂತಕಲ್ಲಿನಿಂದ ಬಂದ ಏಜೆಂಟು
ಸಿ.ಡಿ.ಯ ಹೊಳಪಿನಲ್ಲಿ ತನ್ನ ಹಲ್ಲು ನೋಡಿಕೊಂಡು ಹೇಳಿದ:
'ಇದನ್ನು ಹಾಕಿ ಅಕ್ಕಾ, ನಿಮ್ಮ ಲೈನು ಐದು ಪಟ್ಟು ಓಡುತ್ತೆ.'
ತಿಂಗಳಿಗೆ ನೂರೈವತ್ತು. ಕೊಟ್ಟೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದು
ಪೋಲಿಯೊ ಕಾಲಿನ ಕೋಟಾದಲ್ಲಿ ಸಿಕ್ಕ ಎಸ್‌ಟಿಡಿ ಬೂತು.
ಫೋನಿನ ಪಕ್ಕ ಒಂದು ಕಂಪ್ಯೂಟರು, ಮೋಡೆಮು,
ಮೋಡೆಮಿನ ಮುಂದೆ ಟೇಬಲ್ ಫ್ಯಾನು.
ಏಪ್ರಿಲ್‌ನಲ್ಲಿ ಗಾಳಿ ಅದಕ್ಕೆ, ಬೆವರು ನನಗೆ.
ಕೀಂ ಎಂದು, ಕರ್ರ್ ಎಂದು, ಗಂಟಲು ಕಟ್ಟಿದವರಂತೆ ಕ್ಯಾಕರಿಸಿ
ಪ್ರತಿಸಲವೂ ಅದು ಒಂದೇ ಅಂಕಿ ತೋರಿಸುತ್ತಿತ್ತು:
ಮೂವತ್ತೊಂದು ಸಾವಿರದ ಇನ್ನೂರು.
ಸಿ.ಡಿ. ಹಾಕುವ ಮುಂಚೆ ಅಷ್ಟು.
ಹಾಕಿದ ಮೇಲೂ ಅಷ್ಟೇ.

ಆದರೂ ಪುಟಗಳು ಓಡಿ ಬಂದವು, ಸುಳ್ಳಲ್ಲ.
ಅಕ್ಷರಗಳನ್ನು ಎಲ್ಲೋ ದೂರದ ಯಂತ್ರವೊಂದು
ಮಡಚಿ, ಮೇಲೆ ಕೂತು, ಗಾಳಿ ತೆಗೆದು ಕಳಿಸುತ್ತಿತ್ತು,
ರಜಾಯಿಯನ್ನು ಮಂಡಿಯಡಿ ಒತ್ತಿ ಟ್ರಂಕಿಗೆ ತುರುಕುವವರ ಹಾಗೆ.
ನಿನ್ನೆ ಬಂದ ಪುಟವನ್ನು ಇಲ್ಲೇ ಬಚ್ಚಿಟ್ಟುಕೊಂಡು
ಇವತ್ತು ಹೊಸದಾಗಿ ತಂದೆ ಎಂದು ಕೊಡುತ್ತಿತ್ತು.

ವಾಷಿಂಗ್ ಯೂನಿಟ್ಟಿನ ಹುಸೇನ್‌ಪೀರ ಮಾತ್ರ
ಒಂದು ಹಾಡು ಇಳಿಸಲು ಮೊದಲಿನಂತೆಯೇ ಇಪ್ಪತ್ತು ನಿಮಿಷ ಕೂತ.
'ಯಾಕಕ್ಕಾ?' ಎಂದ. ನನಗೆ ಗೊತ್ತಿರಲಿಲ್ಲ.
ಮೊಳಕೈವರೆಗೆ ನೀಲಿಯಾದ ತನ್ನ ಕೈ ನೋಡಿಕೊಂಡು
ಅವನೇ ಅಂದ:
'ಮೊದ್ಲೇ ಹಿಂಡಿಟ್ಟ ಪ್ಯಾಂಟು ಇದು. ಮತ್ತೆ ಹಿಂಡಿದ್ರೆ
ನೀರು ಎಲ್ಲಿಂದ ಬರ್ಬೇಕು.'

ಮಹೇಂದ್ರಕರ್ ಮಾಸ್ತರಿಗೆ ಬಂದದ್ದು ಹಾಡಲ್ಲ, ಜೇಬು.
ಉಲ್ಲಾಸನಗರದ ಪಾರ್ಟಿ ಕಳಿಸಿದ ಹಿಂಜೇಬಿನ ಫೋಟೊ,
ಇದರಂತೆ ಆರುನೂರು ಪೀಸು.
ನಲವತ್ತು ಸೆಕೆಂಡಿಗೆ ಬಂತು. ಮಾಸ್ತರು ಕೂರಲೂ ಇಲ್ಲ,
ಕೊರಳಿನ ಟೇಪನ್ನು ಗಾಜಿಗೆ ಹಿಡಿದು ಅಳೆದು
ಐದು ರೂಪಾಯಿ ಇಟ್ಟು ಹೋದರು.
ಏಜೆಂಟನಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದೆ.

ತಿಂಗಳೊಳಗೆ ಆರುನೂರೂ ಲಾರಿಯಲ್ಲಿ ವಾಪಸು.
ಬಾಡಿಗೆಯೂ ಇವರ ಮೇಲೇ.
ಮಾಸ್ತರು ಬೈಯಲಿಲ್ಲ. ಒಂದು ಪ್ಯಾಂಟು ತಂದು
ಕೀಬೋರ್ಡಿನ ಮೇಲೆ ಮಗುಚಿ ಹಾಸಿ
'ಹೊಲಿಗೆ ಎಷ್ಟು ಐತಿ ನೋಡವ್ವಾ' ಎಂದರು.
ಒಂದು.
'ಗಾಜಿನಾಗೆ?'
ಅಲ್ಲೂ ಒಂದೇ, ದಪ್ಪದ್ದು.

ಚಿತ್ರದ ಮೇಲೆ ಮೌಸಿನ ಬಲಗಿವಿ ಹಿಂಡಿದರೆ
ತಳದಲ್ಲೊಂದು ಸಾಲು: ಮೂಲದಂತೆ ತೋರಿಸು.
ಅಷ್ಟು ದಿನ ಯಾರೂ ಅದನ್ನು ಒತ್ತಿರಲಿಲ್ಲ.
ಒತ್ತಿದೆ.
ಬರಲಿಲ್ಲ.
ಆಮೇಲೆ ಮೇಲಿನಿಂದ ಬೆರಳಗಲದ ಒಂದು ಪಟ್ಟಿ, ಸೊಂಟದ್ದು.
ಟೀ ಬಂತು, ಆರಿತು. ತಾಮ್ರದ ರಿವೆಟ್ಟು. ಜೇಬಿನ ಬಾಯಿ.
ನೇಯ್ಗೆಯ ಓರೆ ಎಳೆಗಳನ್ನು ಒಂದೊಂದಾಗಿ ಎಣಿಸಬಹುದು
(ಬೇಗ ಬಂದಾಗ ಅದೆಲ್ಲ ಬರೀ ನೀಲಿ ಅಂಬಲಿ).
ಆರನೇ ನಿಮಿಷಕ್ಕೆ ಹೊಲಿಗೆ ಇಳಿಯಿತು:
ಎರಡು.
ಸೂಜಿಯಗಲ ಸಂದು ಬಿಟ್ಟು, ಎರಡು ಗೆರೆ.
ಹೊರೆ ಹಗುರ ಮಾಡಲು ಯಂತ್ರ
ಆ ಸಂದನ್ನೇ ಹಿಂಡಿ ತೆಗೆದಿತ್ತು.

ಸಾವಿರದ ಇನ್ನೂರು ಜೇಬು.
ಓಣಿಯ ಹೆಂಗಸರು ನಾಲ್ಕು ರಾತ್ರಿ ಕೂತು ಎರಡನೇ ಗೆರೆ ಎಳೆದರು.
ಬೂತಿನ ಶಟರು ಎಳೆದು ನಾನೂ ಹೋದೆ.
ಪೆಡಲಿಗೆ ನನ್ನ ಕಾಲು ಒಗ್ಗದು. ದಾರದ ಬಾಲ ಕತ್ತರಿಸುತ್ತ ಕೂತೆ.
ಯಾರೂ ಕರೆದಿರಲಿಲ್ಲ, ಯಾರೂ ಬೇಡ ಅನ್ನಲಿಲ್ಲ.
ಖಾತೂನ್‌ಬಿ ಒಬ್ಬಳು, ಸೂಜಿಯಿಂದ ತಲೆ ಎತ್ತದೆ:
'ನಿನ್ನ ಮಶೀನು ಬಾಳ ಫಾಸ್ಟಂತಲ್ಲ.'

ಈಗ ಬೂತಿನ ಗೋಡೆಗೆ ಸೀಮೆಸುಣ್ಣದಲ್ಲಿ ಎರಡು ದರ:
ಬೇಗದ ಚಿತ್ರ ಐದು, ಇದ್ದಂಥ ಚಿತ್ರ ಹತ್ತು.
ಎಲ್ಲರೂ ಕೇಳುವುದು ಐದನ್ನೇ.
ಪರೀಕ್ಷೆಯ ನಂಬರಿಗೆ, ರೈಲಿನ ವೇಳೆಗೆ ಅದು ಸಾಕು,
ನಾನೂ ಅದನ್ನೇ ಹಾಕಿಕೊಡುತ್ತೇನೆ.
ಮಾಸ್ತರು ಮಾತ್ರ ಕುರ್ಚಿ ಎಳೆದುಕೊಂಡು ಕೂರುತ್ತಾರೆ.
ಹೊರಗೆ ಯಾರೋ ಫೋನಿಗೆ ಕಾದು ಗಾಜು ಕುಟ್ಟುತ್ತಾರೆ.
'ಗೊತ್ತಾತಲ್ಲ ಮಾಸ್ತರೇ, ಬಿಡ್ಲಾ ಲೈನು?' ಎಂದರೆ
ಕಣ್ಣು ಕೀಳದೆ ಅವರು:
'ತಡಿಯವ್ವಾ. ಕೆಳಗಿಂದು ಇನ್ನಾ ಬಂದಿಲ್ಲ.'