ಒಂದು ಹಿಡಿ ಕಮ್ಮಿ

ದಮಯಂತಿ ಟೀಚರ್ ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿಗೆ ಬಂದು
ಷಟರ್ ಅರ್ಧಕ್ಕೆ ಎಳೆದರು.
ಬ್ಯಾಗಿನಿಂದ ತೆಗೆದು ಮಿಷನ್ನಿನ ಮೇಲಿಟ್ಟರು
ಹೋದ ದೀಪಾವಳಿಗೆ ನಾನೇ ಹೊಲಿದುಕೊಟ್ಟ
ಎಡಗಡೆಯ ಎದೆ.
ಹೊಲಿಗೆ ಬಿಚ್ಚಿತ್ತು. ರಾಗಿ ಬೇರೆ ಕವರಿನಲ್ಲಿತ್ತು.

"ಹೋಗ್ತಾ ಏನೂ ಆಗ್ಲಿಲ್ಲ ಕಣೇ. ಬರ್ತಾ ಡೆಲ್ಲೀಲಿ
ಪರದೆ ಗೂಡೊಳಗೆ ನಿಲ್ಲಿಸಿದ್ರು.
ಕೈ ಪಕ್ಕಕ್ಕೆ, ಕಾಲು ಅಗಲ.
ಮೂವತ್ತು ವರ್ಷ ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದು.
ಆ ಹುಡುಗಿ ಕೈ ಇಲ್ಲಿಗೆ ಬಂದು ನಿಂತ್ಕೊಂಡ್ತು.
ಕ್ಯಾ ಹೈ ಅಂದ್ಳು. ರಾಗಿ ಅಂದೆ.
ಹಿಂದೀಲಿ ರಾಗಿಗೆ ಏನಂತಾರೋ ನಂಗೇನ್ ಗೊತ್ತು!"

ಬಾಂಬಿಗೂ ಮುದ್ದೆಗೂ ನಡುವೆ
ಒಂದು ಪದ ಸಿಗದೇ ಹೋಯ್ತು.

ಇನ್ನೊಬ್ಬಳು ಬಂದಳಂತೆ, ಅವಳ ಮೇಲಿನವಳು ಬಂದಳಂತೆ,
ಆಮೇಲೆ ಕತ್ತರಿ.
ನನ್ನ ಒತ್ತು ಹೊಲಿಗೆ ಸುಲಭಕ್ಕೆ ಬಿಡಲಿಲ್ಲವಂತೆ
(ಹೇಳಬಾರದು, ಒಳಗೊಳಗೇ ಹಿಗ್ಗಿದೆ).
ನೀಲಿ ಟ್ರೇ ತುಂಬ ಹಾಸನದ ರಾಗಿ.

"ಅತ್ರಾ ಟೀಚರ್?"
"ಇಲ್ಲ. ಸಿಟ್ಟೂ ಬರ್ಲಿಲ್ಲ, ಅದೇ ಬೇಜಾರು.
ಹೊರಗೆ ಸಾಲಲ್ಲಿದ್ದೋರು ಗಡಿಯಾರ ನೋಡ್ಕೊಳ್ತಿದ್ರು.
ಸಾರಿ ಅಂದೆ ಕಣೇ.
ನಾನು!"

ನನ್ನ ಹತ್ತಿರ ತಕ್ಕಡಿಯಿಲ್ಲ, ಅಂಗೈಯೇ ಲೆಕ್ಕ.
ಒಂದು ಹಿಡಿ ಕಮ್ಮಿ ಬಂತು.
ಅಲ್ಲೇ ಯಾರದೋ ಬೂಟಿನಡಿ ಚೆಲ್ಲಿರಬೇಕು.
ಗಿರಣಿಗೆಂದು ತೆಗೆದಿಟ್ಟ ಚೀಲಕ್ಕೆ ಕೈಹಾಕಿ
ಆ ಹಿಡಿ ತುಂಬಿದೆ.

"ಗುಂಡಿ ಇಡ್ಲಾ ಟೀಚರ್? ಮುಂದಿನ ಸಲಕ್ಕೆ
ತೆಗೆಯೋಕೆ ಸಲೀಸು."

ಷಟರ್ ಪೂರ್ತಿ ಎತ್ತಿದರು. ಬೀದಿಯ ಬೆಳಕು
ಮೇಜಿನ ಮೇಲಿದ್ದುದರ ಮೇಲೂ ಬಿತ್ತು.
"ಬೇಡ. ಒತ್ತಾಗೇ ಹೊಲಿ.
ಬಿಚ್ಚೋರು ಒಸಿ ಕಷ್ಟಪಡ್ಲಿ."