ಎಡಗಡೆಯ ಗುಂಡಿ

ರೊಸಾರಿಯೊ ಬಂದರು. ಪರಾನಾ ನದಿಯ ದಂಡೆ.
ನಸುಕಿನ ನಾಲ್ಕೂವರೆಗೇ ಸೋಯಾ ಲಾರಿಗಳ ಸಾಲು.
ತೂಕದ ಕಟ್ಟೆಯ ಪಕ್ಕ, ತಗಡಿನ ಕೋಣೆಯೊಳಗೆ
ನೆಲಿದಾ ಬುರಿಚ್ ಪರದೆ ಕಟ್ಟುತ್ತಿದ್ದಾಳೆ.

ಕಟ್ಟುವುದೆಂದರೆ, ಒಂದು ಚೌಕವನ್ನು ಕರೆದು
ನೀನು ಯಾರು ಎಂದು ಕೇಳುವುದು.
ನಾನು ಕಿಟಕಿ, ಅನ್ನುತ್ತದೆ.
ಒಳಗೆ ಯಾರಿದ್ದಾರೆ?
ಒಂದು ಪಟ್ಟಿ, ಎರಡು ಗುಂಡಿ, ತೂಕ ತೋರುವ ಒಂದು ಸಾಲು.
ಅವವುಗಳ ಕೆಲಸ ಅವಕ್ಕೇ ಗೊತ್ತು, ನಾನು ಕೆದಕುವುದಿಲ್ಲ.

ಗುಂಡಿಗೆ ಲಾರಿಯೆಂದರೇನೆಂದು ಗೊತ್ತಿಲ್ಲ.
ಒತ್ತಿದರೆ, ತನಗೆ ಪರಿಚಯದ ಒಂದೇ ಒಂದಕ್ಕೆ
ಸುರಿ, ಎಂದು ಕೂಗುತ್ತದೆ. ಅದು ಇನ್ನೊಂದಕ್ಕೆ.
ಹೊರಗೆ ಕಟ್ಟೆ ವಾಲಿ, ಲಾರಿ ಮೂತಿ ಮೇಲೆತ್ತಿ,
ನೆಲದೊಳಗಿನ ಆ ಇನ್ನೊಂದು ಗುಂಡಿಗೆ
ಮೂವತ್ತು ಟನ್ ಕಾಳು ಧೋ ಎಂದು ಇಳಿಯುತ್ತದೆ.
ಪೂರ್ತಿ ಕಥೆ ನಡುವೆ ಯಾರಿಗೂ ತಿಳಿದಿಲ್ಲ.

ನಿನ್ನೆ ಒಂದಕ್ಕೆ ಮಾತು ಅರ್ಥವಾಗಲಿಲ್ಲ.
ಸತ್ತುಬೀಳಲಿಲ್ಲ, ಸುಳ್ಳೂ ಹೇಳಲಿಲ್ಲ.
ಇದು ನನಗೆ ತಿಳಿಯದು ಎಂದು
ಇದ್ದಲ್ಲೇ ನಿಂತು ಹೊಟ್ಟೆ ಬಿಚ್ಚಿ ತೋರಿಸಿತು.
ಇಷ್ಟು ಮರ್ಯಾದೆ ಕಚೇರಿಯಲ್ಲಿ ಅವಳು ಕಂಡಿರಲಿಲ್ಲ.
ನಿಂತಲ್ಲೇ ಆ ಮಾತು ಕಲಿಸಿದಳು. ನಡೆಯತೊಡಗಿತು.

ಎವರಿಸ್ತೊ ಬಂದ. ಮೂವತ್ತೊಂದು ವರ್ಷದ ತೂಕದವನು.
ಕೈಯಲ್ಲಿ ಮಾಟೆ ಕಷಾಯದ ಸೋರೆಬುರುಡೆ.
ಚಂದ ಅನ್ನಲಿಲ್ಲ.
"ಗುಂಡಿ ಬಲಕ್ಕಿದೆಯಲ್ಲ."
"ಎಲ್ಲ ಕಡೆಯೂ ಬಲಕ್ಕೇ ಇರುವುದು."
"ನನ್ನ ಬಲಗೈಯಲ್ಲಿ ಇದು ಇರುವುದು."
ಬುರುಡೆ ಎತ್ತಿ ತೋರಿಸಿ, ಒಂದು ಗುಟುಕು ಹೀರಿದ.

ಮೂರು ತಿಂಗಳು ಅಂಚು ಅಳೆದವಳು
ವಾದಕ್ಕೆಂದು ತೆರೆದ ಬಾಯಿ ಮುಚ್ಚಿದಳು.
ಗುಂಡಿಯನ್ನು ಬೆರಳಲ್ಲಿ ಹಿಡಿದು ಎಡಕ್ಕೆ ಎಳೆದಳು.
ಹೊರಗೆ ತೂಕ ನಡೆದೇ ಇತ್ತು, ಅಂಕಿ ಏರುತ್ತಲೇ ಇತ್ತು,
ದಾರಿಯುದ್ದಕ್ಕೂ ಗುಂಡಿ ಎಚ್ಚರವಾಗಿತ್ತು.
"ಇನ್ನೂ ಕೆಳಗೆ. ಇನ್ನೊಂಚೂರು. ಹಾಂ."

ಕೈಗವಸಿನ ಹೆಬ್ಬೆರಳಿಟ್ಟು ಒತ್ತಿದ.
ಪಕ್ಕದ್ದೂ ಒತ್ತಿಹೋಯಿತು.
ಸುರಿ! ಬೇಡ! ಎರಡೂ ಒಟ್ಟಿಗೇ ಕೂಗಿದವು.
ಲಾರಿ ಅರ್ಧ ಆಕಾಶದಲ್ಲಿ ನಿಂತಿತು;
ಕೆಳಗೆ ಅದರ ಚಾಲಕ, ಪರಾಗ್ವಾಯ್ ಕಡೆಯವನು,
ತನ್ನ ಗ್ವಾರಾನಿಯಲ್ಲಿ ಬೈದದ್ದು
ಕೋಣೆಯಲ್ಲಿ ಯಾರಿಗೂ ತಿಳಿಯಲಿಲ್ಲ, ಎಲ್ಲರಿಗೂ ತಿಳಿಯಿತು.

ಎರಡರ ನಡುವೆ ಒಂದು ಹೆಬ್ಬೆರಳಿನಷ್ಟು ಬಯಲು ಬಿಟ್ಟಳು.

ಸಂಜೆ ಎಲ್ಲವನ್ನೂ ಇದ್ದ ಹಾಗೇ ಮಲಗಿಸಿದಳು:
ತೆರೆದ ಕಿಟಕಿ ತೆರೆದೇ, ಅರ್ಧ ಬರೆದ ಸಾಲು ಅರ್ಧವೇ.
ನಾಳೆ ಏಳುವಾಗ ಅಲ್ಲಿಂದಲೇ ಏಳುತ್ತವೆ.

ನಾಳೆ ರಾತ್ರಿಪಾಳಿಗೆ ಓತಿಲಿಯಾ ಬರುತ್ತಾಳೆ.
ಅವಳು ಎಡಚಿ. ಬುರುಡೆ ಎಡಗೈಯಲ್ಲಿ.
ಗುಂಡಿಗೆ ಇನ್ನೂ ಗೊತ್ತಿಲ್ಲ.